ಮೌನವೆಲ್ಲ ಸಮ್ಮತಿಯೆ?

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ಸಭೆಗಳಲ್ಲಿ ನಾವು ತೀರ ಅಗ್ಗವಾಗಿ ಬಳಸುತ್ತೇವೆ. ಅಧ್ಯಕ್ಷರು ತಮ್ಮ ಅಭಿಪ್ರಾಯ ಹೇಳಿ, “ಎಲ್ಲರಿಗೂ ಒಪ್ಪಿಗೆಯಷ್ಟೆ?” ಎಂದು ಕೇಳುತ್ತಾರೆ. ಯಾರೂ ತುಟಿ ಬಿಚ್ಚುವುದಿಲ್ಲ. ಠರಾವು ಸರ್ವಾನುಮತದಿಂದ ಪಾಸಾಗುತ್ತದೆ. ನಿಜವಾದ ಚರ್ಚೆ ಆರಂಭವಾಗುವುದು ಅನಂತರ, ಲೋಕಲ್ ಗಾಡಿಗೆ ಕಾಯುವ ಪ್ಲಾಟ್‌ಫಾರಮ್ಮಿನಲ್ಲಿ.

ಅಲ್ಲಿ ಆಡುವ ಮಾತನ್ನು ಸಭೆಯಲ್ಲೇಕೆ ಆಡಲಿಲ್ಲ ಎಂದು ಕೇಳುವುದು ಸುಲಭ. ಆದರೆ ಸುಮ್ಮನಿದ್ದವರು ಯಾರೆಂದು ನೋಡೋಣ. ಒಬ್ಬ, ಈ ಊರಿನಲ್ಲೇ ಹುಟ್ಟಿ ಬೆಳೆದ ತರುಣ. ಹಿಂದೊಮ್ಮೆ ಅವನ ತಡವರಿಸುವ ಕನ್ನಡಕ್ಕೆ ನಾವೇ ನಕ್ಕಿದ್ದೆವು. ಇನ್ನೊಬ್ಬರು, ಹಬ್ಬದೂಟದ ಹೊಣೆಯನ್ನೆಲ್ಲ ಹೊರುವ ಗೃಹಿಣಿ. ಅದರ ಖರ್ಚುವೆಚ್ಚದ ಬಗ್ಗೆ ಆಕೆಯನ್ನು ನಾವು ಕೇಳಿದ್ದೇ ಇಲ್ಲ. ಇವರದು ಒಪ್ಪಿಗೆಯಲ್ಲ, ಹಿಂಜರಿಕೆ. ಅದನ್ನು ಬೆಳೆಸಿದವರು ನಾವು.

ಹಾಗಾದರೆ ಸ್ಥಾನ ಕೊಟ್ಟುಬಿಟ್ಟರೆ ಸಾಕೆ? ಕರ್ನಾಟಕವು 1983ರ ಕಾಯಿದೆಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಶೇಕಡಾ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ದೇಶದ ಪಂಚಾಯತಿಗಳಲ್ಲಿ ಕನಿಷ್ಠ ಮೂರನೆಯ ಒಂದು ಪಾಲನ್ನು ವಿಧಿಸಿತು. ಇವು ದೊಡ್ಡ ಹೆಜ್ಜೆಗಳೇ. ಆದರೂ ಕಾಯಿದೆ ಕೊಡಬಲ್ಲದ್ದು ಕುರ್ಚಿಯನ್ನು ಮಾತ್ರ. ಅಲ್ಲಿ ಕುಳಿತವರ ಮಾತಿಗೆ ಕಿವಿಗೊಡಬೇಕಾದವರು ಸಭೆ ನಡೆಸುವವರು.

12ನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ಕುರಿತು ಪರಂಪರೆ ಹೇಳುವುದನ್ನು ನೆನೆಯೋಣ. ಬಿಜ್ಜಳನ ಭಂಡಾರಿಯಾಗಿ ಅಧಿಕಾರವುಳ್ಳವರಾಗಿದ್ದರೂ ಬಸವಣ್ಣನವರು ಶೂನ್ಯಸಿಂಹಾಸನದಲ್ಲಿ ತಾವು ಕೂರಲಿಲ್ಲ, ಅಲ್ಲಮಪ್ರಭುಗಳನ್ನು ಕೂರಿಸಿದರು. ಆ ಪ್ರಭುಗಳು ಅಕ್ಕಮಹಾದೇವಿಯನ್ನು ಕಟುವಾಗಿಯೇ ಪ್ರಶ್ನಿಸಿದರು. ಆದರೆ ಆಕೆಯ ಉತ್ತರವನ್ನು ಪೂರ್ತಿಯಾಗಿ ಕೇಳಿ, ಆಕೆಯ ಹಿರಿಮೆಯನ್ನು ತುಂಬಿದ ಸಭೆಯಲ್ಲೇ ಒಪ್ಪಿಕೊಂಡರು.

ನಮ್ಮ ಸಂಘಗಳಲ್ಲಿಯೂ ಇದು ಅಸಾಧ್ಯವೇನಲ್ಲ. ವಿಷಯಪಟ್ಟಿ ವಾರದ ಮುಂಚೆಯೇ ಎಲ್ಲರ ಕೈಸೇರಲಿ. ಅಧ್ಯಕ್ಷರು ಕಿರಿಯರನ್ನು ಮೊದಲು ಕೇಳಿ, ತಮ್ಮ ಮಾತನ್ನು ಕೊನೆಗಿಟ್ಟುಕೊಳ್ಳಲಿ. ಯಾರ ಕನ್ನಡಕ್ಕೂ ಯಾರೂ ನಗದಂತೆ ನೋಡಿಕೊಳ್ಳಲಿ. ಭಿನ್ನಾಭಿಪ್ರಾಯವೂ ನಡಾವಳಿಯಲ್ಲಿ ದಾಖಲಾಗಲಿ. ಸಭೆ ಒಂದು ಗಂಟೆ ಹೆಚ್ಚು ಹಿಡಿದೀತು, ನಿಜ. ಆದರೆ ನಾಲ್ವರೇ ಆಡಿ ಮುಗಿಸಿದ ನಿರ್ಣಯವನ್ನು ಹೊರಲು ಕೊನೆಗೆ ಆ ನಾಲ್ವರೇ ಉಳಿಯುತ್ತಾರೆ.

ತರುಣರು ಸಂಘದತ್ತ ಸುಳಿಯುತ್ತಿಲ್ಲವೆಂದು ನಾವು ಹಲುಬುತ್ತೇವೆ. ಬಂದಾಗ ಅವರ ಮಾತನ್ನು ಎಷ್ಟು ಕೇಳಿದೆವು ಎಂದು ಮೊದಲು ನಮ್ಮನ್ನೇ ಕೇಳಿಕೊಳ್ಳೋಣ.