ಕಾಣದ ಕೊಳೆ, ಕಾಣುವ ಹೊಣೆ

ರಾತ್ರಿ ಊಟವಾದ ಮೇಲೆ ತಾಯಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ ಬೆರೆಸಿ ಮುಚ್ಚಿಡುತ್ತಾಳೆ. ಬೆಳಗಾಗುವಷ್ಟರಲ್ಲಿ ಅದು ಮೊಸರಾಗಿರುತ್ತದೆ. ಹಾಲನ್ನು ಹೆಪ್ಪುಗಟ್ಟಿಸುವ ಆ ಸೂಕ್ಷ್ಮಜೀವಿಗಳನ್ನು ಅವಳು ಒಮ್ಮೆಯೂ ಕಂಡವಳಲ್ಲ. ಕಣ್ಣಿಗೆ ಕಾಣದ್ದು ಇಲ್ಲವೆಂದು ಹೇಳಲಾಗದು ಎಂಬ ಪಾಠ ನಮ್ಮ ಅಡುಗೆಮನೆಯಲ್ಲೇ ಇದೆ.

ಈ ಜೀವಿಗಳ ಲೋಕವನ್ನು ಮೊದಲು ಕಂಡು ವಿವರಿಸಿದವನು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವನ್‌ಹುಕ್. ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರದಲ್ಲಿ 1674ರಲ್ಲಿ ಸರೋವರದ ನೀರನ್ನು ನೋಡಿದ; 1683ರಲ್ಲಿ ತನ್ನ ಹಲ್ಲಿನ ಕೊಳೆಯನ್ನೇ ನೋಡಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದ ಅವನ ಬಾಯಲ್ಲೂ ಜೀವಿಗಳು ಓಡಾಡುತ್ತಿದ್ದವು!

ಹಾಗಾದರೆ ಒಂದು ಪ್ರಶ್ನೆ. ನಮಗೇ ಕಾಣದ ಕೊಳೆಯಿಂದ ಇನ್ನೊಬ್ಬರಿಗೆ ಕೇಡಾದರೆ ಅದಕ್ಕೆ ನಾವು ಹೊಣೆಯೇ?

1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ಸೂಲಗಿತ್ತಿಯರು, ಇನ್ನೊಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು. ವೈದ್ಯರಿದ್ದ ಕಡೆಯಲ್ಲೇ ಬಾಣಂತಿ ಜ್ವರದಿಂದ ಹೆಚ್ಚು ತಾಯಂದಿರು ಸಾಯುತ್ತಿದ್ದರು. ಅಲ್ಲಿಗೆ ಮಾತ್ರ ಸೇರಿಸಬೇಡಿ ಎಂದು ಗರ್ಭಿಣಿಯರು ಅಂಗಲಾಚುತ್ತಿದ್ದರು. ಆ ವರ್ಷ, ಶವಪರೀಕ್ಷೆಯ ವೇಳೆ ಚಾಕು ತಗುಲಿದ ಒಬ್ಬ ವೈದ್ಯ ಅಂಥದೇ ಲಕ್ಷಣಗಳಿಂದ ಸತ್ತ. ಆತನ ಗೆಳೆಯ ಡಾಕ್ಟರ್ ಸೆಮ್ಮೆಲ್‌ವೈಸ್‌ಗೆ ಆಗ ಸತ್ಯ ಹೊಳೆಯಿತು. ಹೆಣ ಕೊಯ್ದ ಕೈಗಳೇ ಹೆರಿಗೆ ಮಾಡಿಸುತ್ತಿದ್ದವು! ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರೂ ಕೈತೊಳೆಯಬೇಕೆಂದು ಆತ ಕಟ್ಟುನಿಟ್ಟು ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18 ಇದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು.

ಎಲ್ಲರೂ ಸಂತೋಷಪಟ್ಟರೇ? ಇಲ್ಲ. ಅನೇಕ ವೈದ್ಯರು ನೊಂದುಕೊಂಡರು, ಸಿಟ್ಟಾದರು. ನಮ್ಮ ಕೈಗಳಿಂದ ಸಾವೇ ಎಂದರು. ಸೆಮ್ಮೆಲ್‌ವೈಸ್ ಮಾತ್ರ ತನ್ನ ಕೈಯಿಂದಲೂ ಎಷ್ಟೋ ತಾಯಂದಿರು ಅಕಾಲದಲ್ಲಿ ಸತ್ತರೆಂದು 1861ರ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡ. ಒಪ್ಪದವರನ್ನು ಕೊಲೆಗಾರರೆಂದು ಕರೆದದ್ದೂ ಉಂಟು. ಕಡೆಗೆ 1865ರಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. 1879ರಲ್ಲಿ ಲೂಯಿ ಪಾಶ್ಚರ್ ಆ ಜ್ವರದ ಸೂಕ್ಷ್ಮಜೀವಿಯನ್ನು ಪ್ಯಾರಿಸ್ಸಿನ ವೈದ್ಯರ ಸಭೆಗೆ ಚಿತ್ರ ಬರೆದು ತೋರಿಸಿದ.

ಅರಿಯದೆ ಕೇಡು ಮಾಡಿದವನು ಕೊಲೆಗಾರನಲ್ಲ. ಅರಿವು ಮತ್ತು ಮನಸ್ಸಿನ ಒಪ್ಪಿಗೆ ಇಲ್ಲದೆ ಮಾರಕ ಪಾಪವಿಲ್ಲ ಎಂದು ನಾವು ಧರ್ಮೋಪದೇಶದ ತರಗತಿಯಲ್ಲೇ ಕಲಿತಿದ್ದೇವೆ. ಆದರೆ ಅರಿಯದಿರುವುದು ಬೇರೆ, ಅರಿಯಲು ಒಲ್ಲದಿರುವುದು ಬೇರೆ. ಯಾರೋ ಬಂದು ನಿನ್ನ ಕೈ ನೋಡಿಕೋ ಎಂದ ದಿನದಿಂದ ಹೊಣೆ ನಮ್ಮದು. ಆಮೇಲೂ ತೊಳೆಯದ ಕೈಗೆ ಅಜ್ಞಾನದ ನೆಪವಿಲ್ಲ.

ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ತಂದೆ ತಮಾಷೆಗೆಂದು ಆಡಿದ ಮಾತು ಮಗನ ಮನಸ್ಸಿನಲ್ಲಿ ವರ್ಷಗಟ್ಟಲೆ ಕೀವುಗಟ್ಟಿರುತ್ತದೆ. ಅತ್ತೆಯ ಒಂದು ಕೊಂಕು ಸೊಸೆಯ ನಿದ್ದೆ ಕೆಡಿಸಿರುತ್ತದೆ. ಆಡಿದವರಿಗೆ ಅದು ನೆನಪೂ ಇಲ್ಲ. ಒಂದು ದಿನ ಅವರು ಧೈರ್ಯ ಮಾಡಿ ಹೇಳಿದಾಗ ನಮ್ಮ ಬಾಯಲ್ಲಿ ಮೊದಲು ಬರುವ ಮಾತು, "ನಾನು ಬೇಕೆಂದು ಮಾಡಲಿಲ್ಲ."

ಅದು ನಿಜವೇ ಇರಬಹುದು. ವಿಯೆನ್ನಾದ ವೈದ್ಯರೂ ಬೇಕೆಂದು ಮಾಡಿರಲಿಲ್ಲ. ಪ್ರಿಯ ಓದುಗರೇ, ಇಂದು ರಾತ್ರಿ ಆತ್ಮಪರಿಶೋಧನೆಗೆ ಕುಳಿತಾಗ ಕಂಡ ತಪ್ಪುಗಳ ಪಟ್ಟಿಯಷ್ಟೇ ಸಾಲದು. "ನನ್ನಿಂದ ನಿನಗೆ ಏನಾದರೂ ನೋವಾಗಿದೆಯೇ?" ಎಂದು ಮನೆಯವರನ್ನು ಕೇಳೋಣ. ಉತ್ತರ ಬಂದಾಗ ವಾದಿಸದೆ ಮೊದಲು ಕೈ ತೊಳೆದುಕೊಳ್ಳೋಣ.