ಹಿಟ್ಟಿನ ಕೋಳಿ ಮತ್ತು ಕಾಗದದ ಗುರಿ

ಅಹಿಂಸೆಯ ಮಹತ್ತ್ವವನ್ನು ಸಭೆಯಲ್ಲಿ ನಿಂತು ಹೇಳುವುದು ಸುಲಭ. ಅದನ್ನು ಮನೆಯ ಜಗುಲಿಯಲ್ಲಿ ಪಾಲಿಸಲು ಹೊರಟಾಗ ಏಳುವ ಪ್ರಶ್ನೆಗಳಿಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ನಮ್ಮ ಮನೆಯಲ್ಲಿಯೇ ಎದ್ದ ಅಂತಹ ಒಂದು ಪ್ರಶ್ನೆಯನ್ನು ಉತ್ಸವದ ಈ ಶುಭ ಸಂದರ್ಭದಲ್ಲಿ ಶ್ರಾವಕ-ಶ್ರಾವಿಕೆಯರ ಮುಂದೆ ಇಡಬಯಸುತ್ತೇನೆ. ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಮಲಯಾಳವನ್ನೂ ಆಡಿ ಬೆಳೆಯುತ್ತಿರುವ ನಮ್ಮ ಮಕ್ಕಳು ಇಂದಲ್ಲ ನಾಳೆ ಇದೇ ಪ್ರಶ್ನೆಯನ್ನು ಯಾವ ಭಾಷೆಯಲ್ಲಾದರೂ ಕೇಳಿಯಾರು.

ಕಾಲೇಜಿನಲ್ಲಿ ಓದುತ್ತಿರುವ ನನ್ನ ಮೊಮ್ಮಗ ಪಿಸ್ತೂಲು ಗುರಿಯ ಸ್ಪರ್ಧೆಯಲ್ಲಿ ಆಸಕ್ತಿ ತಳೆದನು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರು ಏರ್ ರೈಫಲ್ ಸ್ಪರ್ಧೆಯಲ್ಲಿ ಗಳಿಸಿದ ಚಿನ್ನವೂ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಅವರು 10 ಮೀಟರ್ ಏರ್ ಪಿಸ್ತೂಲಿನಲ್ಲಿ ಪಡೆದ ಕಂಚೂ ಅವನ ಮನಸ್ಸನ್ನು ಸೆಳೆದಿದ್ದವು. ಆ ಸ್ಪರ್ಧೆಯ ಗುರಿ ಒಂದು ಬಿಳಿಯ ಕಾಗದ. ನಡುವೆ ಕಪ್ಪು ವೃತ್ತ. ಅದರ ಹತ್ತು ಅಂಕದ ಮಂಡಲದ ವ್ಯಾಸ ಕೇವಲ 11.5 ಮಿಲಿಮೀಟರ್. ಸ್ಪರ್ಧೆಯ ಪಿಸ್ತೂಲು ಅಭ್ಯಾಸದ ಕೇಂದ್ರದಲ್ಲಿಯೇ ಇರುತ್ತದೆ. ಅಲ್ಲಿಗೆ ಹೋಗುವುದು ವಾರಕ್ಕೊಮ್ಮೆ ಮಾತ್ರ. ಉಳಿದ ದಿನಗಳ ಅಭ್ಯಾಸಕ್ಕೆಂದು ಅವನ ಚಿಕ್ಕಪ್ಪ ಪ್ಲಾಸ್ಟಿಕ್ ಗುಂಡು ಹಾರಿಸುವ 'ಏರ್‌ಸಾಫ್ಟ್' ಪಿಸ್ತೂಲೊಂದನ್ನು ತಂದುಕೊಟ್ಟನು. ಹುಡುಗನು ಜಗುಲಿಯ ತುದಿಯಲ್ಲಿ ಹಳೆಯ ಬಟ್ಟೆ ತುಂಬಿದ ರಟ್ಟಿನ ಪೆಟ್ಟಿಗೆಯನ್ನಿಟ್ಟು, ಅದಕ್ಕೆ ಗುರಿಯ ಕಾಗದವನ್ನು ಅಂಟಿಸಿದನು. ಐದು ಮೀಟರ್ ಮಾತ್ರ ಸ್ಥಳವಿದ್ದುದರಿಂದ ವೃತ್ತವನ್ನು ಅರ್ಧದಷ್ಟು ಕಿರಿದಾಗಿಸಿದ್ದನು. ಅವನ ಅಜ್ಜಿ ಮಾತ್ರ ನೊಂದಳು. "ದೇವರ ಕೋಣೆಯ ಎದುರಿಗೆ ಬಂದೂಕು ಹಿಡಿಯುವುದೇ? ಇದು ನಮ್ಮ ಕುಲಕ್ಕೆ ತಕ್ಕ ಆಟವೇ?" ಎಂದು ನನ್ನನ್ನು ಕೇಳಿದಳು.

ಈ ಪ್ಲಾಸ್ಟಿಕ್ ಪಿಸ್ತೂಲಿನ ತವರು ಜಪಾನ್. ಸಾಮಾನ್ಯ ಪ್ರಜೆಯು ಪಿಸ್ತೂಲು ಹೊಂದುವುದು ಬಹುಮಟ್ಟಿಗೆ ಅಸಾಧ್ಯವಾದ ಆ ದೇಶದಲ್ಲಿ ಇದು ಆಟಿಕೆಯಾಗಿ ಬೆಳೆಯಿತು. ಗುಂಡಿನ ವ್ಯಾಸ 6 ಮಿಲಿಮೀಟರ್. ತೂಕ ಸಾಮಾನ್ಯವಾಗಿ ಗ್ರಾಮಿನ ಐದನೆಯ ಒಂದು ಭಾಗ. 2006ರಲ್ಲಿ ಆ ದೇಶದ ಕಾನೂನು ಇಂತಹ ಗುಂಡಿನ ಶಕ್ತಿ ಒಂದು ಜೌಲಿಗಿಂತ ಕಡಿಮೆಯಿರಬೇಕೆಂದು ಮಿತಿ ಹಾಕಿತು. ಹೀಗಿದ್ದರೂ ತತ್ಸುಯಾ ಸಕಾಯ್ ಎಂಬ ಜಪಾನಿ ಸ್ಪರ್ಧಾಳು ತನ್ನ ದೇಶದಲ್ಲಿ ಏರ್‌ಸಾಫ್ಟ್ ಪಿಸ್ತೂಲಿನಿಂದಲೇ ಅಭ್ಯಾಸ ಮಾಡಿ, 2004ರಲ್ಲಿ ಅಮೆರಿಕದಲ್ಲಿ ನಡೆದ 'ಸ್ಟೀಲ್ ಚಾಲೆಂಜ್' ಪಂದ್ಯದಲ್ಲಿ ನಿಜವಾದ ಪಿಸ್ತೂಲು ಹಿಡಿದು ಪ್ರಥಮನಾದನು. ನಿಲುವು, ಹಿಡಿತ, ದೃಷ್ಟಿಯ ಜೋಡಣೆ, ಪಿಸ್ತೂಲು ಅಲುಗದಂತೆ ಟ್ರಿಗರನ್ನು ಒತ್ತುವ ಬೆರಳಿನ ಸಂಯಮ, ಇವುಗಳನ್ನು ಮನೆಯಲ್ಲಿಯೇ ಕಲಿಯಬಹುದು. ನಿಜವಾದ ಪಿಸ್ತೂಲಿನ ಹಿಂದೊದೆತವನ್ನು ಮಾತ್ರ ಈ ಆಟಿಕೆ ಕಲಿಸಲಾರದು.

ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕಲು ನಾನು ಶಾಸ್ತ್ರದ ಮೊರೆಹೊಕ್ಕೆನು. ಆಯುಧವೆಂಬುದೇ ಗೃಹಸ್ಥನಿಗೆ ನಿಷಿದ್ಧವೆಂದು ನಮ್ಮ ಪರಂಪರೆ ಹೇಳಿಲ್ಲ. ಆದಿನಾಥ ಸ್ವಾಮಿಯು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಅಸಿಯೇ ಮೊದಲನೆಯದು. ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳು ಆನಂತರದವು. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಸೇನಾಪತಿಯಾಗಿದ್ದನು. ಆತ್ಮರಕ್ಷಣೆ, ದೇಶರಕ್ಷಣೆಗಳಲ್ಲಿ ಒದಗುವ ವಿರೋಧಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಲಾರನೆಂದು ಆಚಾರ್ಯರು ಬಲ್ಲರು. ಆದರೆ ಆಟವು ರಕ್ಷಣೆಯೂ ಅಲ್ಲ, ಜೀವನೋಪಾಯವೂ ಅಲ್ಲ. ಪ್ರಯೋಜನವಿಲ್ಲದೆ ಪಾಪಕ್ಕೆ ಎಡೆಮಾಡುವ ನಡತೆಯನ್ನು ಅನರ್ಥದಂಡವೆಂದು ಕರೆದು, ಅದರಿಂದ ವಿರತನಾಗುವುದನ್ನು ಶ್ರಾವಕನ ಗುಣವ್ರತಗಳಲ್ಲಿ ಸೇರಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇದರ ಐದು ಬಗೆಗಳನ್ನು ಹೇಳುತ್ತದೆ. ಹಿಂಸೆಯ ಉಪಕರಣಗಳನ್ನು ಇತರರಿಗೆ ಕೊಡುವುದು ಅವುಗಳಲ್ಲಿ ಒಂದು. ಇತರರ ಕೇಡನ್ನು ಚಿಂತಿಸುವ ಅಪಧ್ಯಾನ ಇನ್ನೊಂದು. ಆದುದರಿಂದ ಈ ಅಭ್ಯಾಸವು ಅರ್ಥವೋ ಅನರ್ಥವೋ ಎಂಬುದೇ ಇಲ್ಲಿ ವಿಚಾರಿಸತಕ್ಕ ಸಂಗತಿ.

ಆಗ ನನಗೆ ನೆನಪಾದುದು ಜನ್ನ ಕವಿಯ ಯಶೋಧರ ಚರಿತೆ. ಜೀವವುಳ್ಳ ಕೋಳಿಯನ್ನು ಕೊಲ್ಲಲೊಲ್ಲದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಟ್ಟನು. ರಕ್ತ ಹರಿಯಲಿಲ್ಲ; ಯಾವ ಪ್ರಾಣವೂ ಹೋಗಲಿಲ್ಲ. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿದರು. ಹಿಟ್ಟು ಕೋಳಿಯ ಸ್ಥಾನದಲ್ಲಿ ನಿಂತಿತ್ತು. ಕತ್ತಿಯನ್ನೆತ್ತಿದ ಕೈ ಕೋಳಿಯನ್ನೇ ಸಂಕಲ್ಪಿಸಿತ್ತು. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳಲ್ಲಿಯೇ ಹಿಂಸೆಯ ಬೇರು ಇದೆಯೆಂಬ ತತ್ತ್ವಾರ್ಥಸೂತ್ರದ ಅಭಿಪ್ರಾಯಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರೆಯದು.

ಗುರಿಯ ಆಟದ ಇತಿಹಾಸದಲ್ಲಿಯೂ ಹಿಟ್ಟಿನ ಕೋಳಿಗಳಿವೆ. 1900ರಲ್ಲಿ ಪ್ಯಾರಿಸ್ಸಿನಲ್ಲಿ ಒಲಿಂಪಿಕ್ಸ್ ನಡೆದಾಗ ಜೀವಂತ ಪಾರಿವಾಳಗಳನ್ನು ಹಾರಿಬಿಟ್ಟು ಹೊಡೆಯುವ ಸ್ಪರ್ಧೆ ಇತ್ತು. ಸುಮಾರು 300 ಹಕ್ಕಿಗಳು ಸತ್ತವು. 21 ಹಕ್ಕಿಗಳನ್ನು ಕೊಂದವನು ಮೊದಲಿಗನೆನಿಸಿದನು. ಹಕ್ಕಿಗಳ ಬದಲಿಗೆ ಬಂದ ಮಣ್ಣಿನ ತಟ್ಟೆಗಳನ್ನು ಇಂಗ್ಲಿಷಿನಲ್ಲಿ ಇಂದಿಗೂ ಮಣ್ಣಿನ ಪಾರಿವಾಳಗಳೆಂದೇ ಕರೆಯುತ್ತಾರೆ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡುವ ಜಿಂಕೆಯ ಆಕೃತಿ ಗುರಿಯಾಗಿತ್ತು. ಜೀವಿಗಳು ಉಳಿದುದು ಸಂತೋಷವೇ. ಆದರೆ ಹೆಸರಿನಲ್ಲಿಯೂ ಆಕೃತಿಯಲ್ಲಿಯೂ ಬೇಟೆ ಉಳಿದುಕೊಂಡಿತು. ಕಪ್ಪು ವೃತ್ತವಾದರೋ ಯಾವ ಜೀವಿಯ ಪ್ರತಿನಿಧಿಯೂ ಅಲ್ಲ. ಅದನ್ನು ನೋಡುವವನು ಯಾರ ಮರಣವನ್ನೂ ಊಹಿಸಬೇಕಾಗಿಲ್ಲ. ಈ ಭೇದವನ್ನು ಅಜ್ಜಿಗೆ ವಿವರಿಸಿ, ಹುಡುಗನಿಗೆ ಅನುಮತಿ ಕೊಟ್ಟೆನು. ಉಸಿರನ್ನು ಹದಗೊಳಿಸಿ, ಕಾಯವನ್ನು ನಿಶ್ಚಲಗೊಳಿಸಿ ಅವನು ನಿಲ್ಲುವುದನ್ನು ಕಂಡು, ಇದೂ ಒಂದು ಬಗೆಯ ಧ್ಯಾನವೇ ಎಂದು ಹೆಮ್ಮೆಯಿಂದ ನುಡಿದೆನು.

ಆ ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಕಾಳುಮೆಣಸನ್ನು ಕಣದಲ್ಲಿ ಹರವಿದ್ದ ಒಂದು ಮಧ್ಯಾಹ್ನ ಕೋತಿಗಳ ಹಿಂಡು ಬಂದಿತು. ವಯನಾಡಿನ ಕೃಷಿಕರಿಗೆ ಈ ಉಪದ್ರವವೇನೂ ಹೊಸದಲ್ಲ. ಜಗುಲಿಯಲ್ಲಿ ಅಭ್ಯಾಸ ಮಾಡುತ್ತಿದ್ದ ಹುಡುಗನಿಗೆ ಅವನ ಚಿಕ್ಕಪ್ಪ, "ಒಂದು ಗುಂಡು ಹಾರಿಸು, ಪ್ಲಾಸ್ಟಿಕ್ ತಾನೆ, ಏನೂ ಆಗುವುದಿಲ್ಲ" ಎಂದನು. ಹುಡುಗನು ತಿರುಗಿ ಹಾರಿಸಿದನು. ಗುಂಡು ಹಲಸಿನ ಎಲೆಗೆ ತಗುಲಿತು. ಅದರ ಪಕ್ಕದ ಕೊಂಬೆಯಲ್ಲಿದ್ದ ತಾಯಿಕೋತಿಯು ಮರಿಯನ್ನು ಎದೆಗವಚಿಕೊಂಡು ಕೂಗುತ್ತಾ ಓಡಿತು. ಆ ಸಂಜೆ ಸೂರ್ಯಾಸ್ತಕ್ಕೆ ಮೊದಲು ಅವನು ಊಟಕ್ಕೆ ಬರಲಿಲ್ಲ. ಹೀಗಾಗಿ ಉಪವಾಸವೇ ಆಯಿತು. ರಾತ್ರಿ ನನ್ನ ಬಳಿ ಬಂದು, "ಅಜ್ಜ, ನೀವು ಹೇಳಿದ ಹಿಟ್ಟಿನ ಕೋಳಿಯನ್ನು ನಾನು ಇಂದು ಕಡಿದೆ" ಎಂದನು. ಮಗನೇ, ಯಾರಿಗೂ ಪೆಟ್ಟಾಗಲಿಲ್ಲವಲ್ಲ ಎಂದು ಸಮಾಧಾನ ಹೇಳಲು ನನ್ನ ನಾಲಿಗೆ ಏಳಲಿಲ್ಲ. ತಪ್ಪು ಅವನೊಬ್ಬನದೇ ಆಗಿರಲಿಲ್ಲ. ಪಿಸ್ತೂಲನ್ನು ತಂದ ಚಿಕ್ಕಪ್ಪನೂ, ಎಚ್ಚರಿಕೆಯ ಮಾತನ್ನಾಡದೆ ಅನುಮತಿ ಕೊಟ್ಟ ನಾನೂ ಅದರಲ್ಲಿ ಪಾಲುದಾರರಾಗಿದ್ದೆವು.

ನನ್ನ ವಾದದ ದೋಷ ಅಂದು ತಿಳಿಯಿತು. ಏಕಾಗ್ರತೆಯನ್ನೇ ಪುಣ್ಯವೆಂದು ನಾನು ಬಗೆದಿದ್ದೆನು. ಆದರೆ ನಮ್ಮ ಶಾಸ್ತ್ರವು ಧರ್ಮ್ಯ, ಶುಕ್ಲ ಧ್ಯಾನಗಳೊಡನೆ ಆರ್ತ, ರೌದ್ರಗಳನ್ನೂ ಧ್ಯಾನವೆಂದೇ ಕರೆದಿದೆ. ಬೇಟೆಗಾರನ ಏಕಾಗ್ರತೆ ಯಾವ ತಪಸ್ವಿಗೂ ಕಡಿಮೆಯದಲ್ಲ. ಆದರೆ ಅದು ಅವನನ್ನು ಸಂಸಾರದಲ್ಲಿ ಮುಳುಗಿಸುತ್ತದೆ. ಮನಸ್ಸು ನಿಂತಿತೇ ಎಂಬುದರ ಜೊತೆಗೆ ಯಾವುದರ ಮೇಲೆ, ಯಾವ ಭಾವದಿಂದ ನಿಂತಿತೆಂದೂ ಕೇಳಬೇಕು. ಎರಡನೆಯದಾಗಿ, ಭಾವವು ಶುದ್ಧವಾಗಿದ್ದರೆ ಉಪಕರಣ ಯಾವುದಾದರೇನು ಎಂದು ನಾನು ತಿಳಿದಿದ್ದೆನು. ಉಪಾದಾನವು ಆತ್ಮನ ಭಾವವೇ ಹೌದು. ಆದರೆ ನಿಮಿತ್ತವು ಕೈಯಲ್ಲಿದ್ದಾಗ ಭಾವವು ಕ್ಷಣಮಾತ್ರದಲ್ಲಿ ಜಾರುತ್ತದೆ. ಅಂದು ಕೈಯಲ್ಲಿ ಪೊರಕೆ ಇದ್ದಿದ್ದರೆ ಹುಡುಗನು ಕೋತಿಗಳನ್ನು ಗದರಿಸಿ ಓಡಿಸುತ್ತಿದ್ದನು, ಅಷ್ಟೇ.

ಆಯುಧದ ಆಕಾರವೇ ಭಯವನ್ನು ಹುಟ್ಟಿಸುತ್ತದೆ ಎಂಬುದನ್ನೂ ಮರೆಯಲಾಗದು. 2014ರ ನವೆಂಬರಿನಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದ ಉದ್ಯಾನವೊಂದರಲ್ಲಿ ಇಂತಹದೇ ಆಟಿಕೆಯ ಪಿಸ್ತೂಲು ಹೊಂದಿದ್ದ 12 ವರ್ಷದ ಬಾಲಕನನ್ನು, ಅದು ನಿಜವಾದುದೆಂದು ಭಾವಿಸಿದ ಪೊಲೀಸರು ಗುಂಡಿಟ್ಟು ಕೊಂದರು. ಗುಂಡು ಹಾರಿಸದೆಯೂ ಹೀಗೆ ಅನರ್ಥವಾಗಬಲ್ಲುದು. ಚತುರ್ವಿಧ ದಾನಗಳಲ್ಲಿ ಅಭಯದಾನಕ್ಕೆ ಸ್ಥಾನವಿತ್ತ ಧರ್ಮದವರು ಭಯವನ್ನು ಹಂಚುವ ವಸ್ತುವಿನ ವಿಷಯದಲ್ಲಿ ಉದಾಸೀನರಾಗಬಾರದು. ನಮ್ಮ ಸುಲ್ತಾನ್ ಬತ್ತೇರಿಯ ಹೆಸರೇ ಇದನ್ನು ನೆನಪಿಸುತ್ತದೆ. ಗಣಪತಿವಟ್ಟಂ ಎಂದಿದ್ದ ಆ ಊರಿನ ಜಿನಮಂದಿರವು 18ನೆಯ ಶತಮಾನದಲ್ಲಿ ಟಿಪ್ಪುವಿನ ಸೈನ್ಯದ ಮದ್ದುಗುಂಡುಗಳ ಉಗ್ರಾಣವಾಯಿತು. ಊರಿಗೆ ಆ ಹೆಸರೇ ನಿಂತಿತು. ಮಂದಿರದ ಕಲ್ಲುಗಳು ಉಳಿದಿವೆ. ಆದರೆ ಒಳಗೆ ಏನನ್ನು ಇಡುತ್ತೇವೆಯೋ ಅದರಿಂದಲೇ ಜನರು ಕಟ್ಟಡವನ್ನು ಗುರುತಿಸುತ್ತಾರೆ. ಮನೆಯೂ ಮನಸ್ಸೂ ಇದಕ್ಕೆ ಹೊರತಲ್ಲ.

ಹಾಗಾದರೆ ಅಭ್ಯಾಸವನ್ನು ನಿಲ್ಲಿಸಿದೆವೇ? ಹುಡುಗನು ತಾನಾಗಿಯೇ ಪ್ರತಿಕ್ರಮಣ ಮಾಡಿ, ದಶಲಕ್ಷಣ ಪರ್ವ ಮುಗಿಯುವವರೆಗೆ ಪಿಸ್ತೂಲನ್ನು ಮುಟ್ಟಲಿಲ್ಲ. ಆನಂತರ ಮನೆಯವರೆಲ್ಲ ಕುಳಿತು ಕೆಲವು ನಿಯಮಗಳನ್ನು ಮಾಡಿಕೊಂಡೆವು. ಜೀವಿಯ ಆಕೃತಿಯನ್ನು ಗುರಿಯಾಗಿ ಇಡತಕ್ಕದ್ದಲ್ಲ. ಗುಂಡು ಇಲ್ಲದಿದ್ದರೂ ಪಿಸ್ತೂಲಿನ ಮೂತಿಯನ್ನು ಗುರಿಯ ಹೊರತು ಯಾರ ಕಡೆಗೂ ತಿರುಗಿಸತಕ್ಕದ್ದಲ್ಲ. ಕಣ್ಣಿಗೆ ರಕ್ಷಕ ಕನ್ನಡಕವಿರಬೇಕು. ಪೆಟ್ಟಿಗೆಯ ಹಿಂದೆ, ನೆಲದ ಮೇಲೆ ಏನಿದೆ ಎಂದು ಮೊದಲು ನೋಡಬೇಕು. ಹಕ್ಕಿಗಳು ಕಾಳೆಂದು ನುಂಗದಂತೆ ಚದುರಿದ ಗುಂಡುಗಳನ್ನು ಎಣಿಸಿ ಆರಿಸಬೇಕು. ಪಿಸ್ತೂಲನ್ನು ಯಾರಿಗೂ ಎರವಲು ಕೊಡಬಾರದು, ಬೀದಿಗೆ ಒಯ್ಯಬಾರದು, ಬೀಗ ಹಾಕಿ ಇಡಬೇಕು. ಹೆಚ್ಚಿನ ಅಭ್ಯಾಸ ಗುಂಡಿಲ್ಲದೆಯೇ ನಡೆಯಬೇಕು. ಕ್ರೀಡೆಯ ತರಬೇತುದಾರರು ಹೇಳುವ ಸುರಕ್ಷತೆಯ ನಿಯಮಗಳೂ ಬಹುಮಟ್ಟಿಗೆ ಇವೇ. ವಸ್ತುವನ್ನು ನೋಡಿ ಎತ್ತಿಕೊಳ್ಳಬೇಕು, ನೋಡಿ ಇಡಬೇಕು ಎಂದು ಮುನಿಗಳಿಗೆ ವಿಧಿಸಿದ ಆದಾನನಿಕ್ಷೇಪಣ ಸಮಿತಿಯ ಒಂದು ಅಂಶವನ್ನು ಅವುಗಳಲ್ಲಿ ಕಂಡು ಅಜ್ಜಿಗೂ ತುಸು ನೆಮ್ಮದಿಯಾಯಿತು. ಅವಳ ಸಂದೇಹ ಪೂರ್ಣವಾಗಿ ಹೋಗಿಲ್ಲ. ಅದು ಹೋಗಬಾರದೆಂದೇ ನಾನೂ ಬಯಸುತ್ತೇನೆ. ಏಕೆಂದರೆ ಮನೆಯಲ್ಲಿ ಒಬ್ಬರಾದರೂ ಆ ಪ್ರಶ್ನೆಯನ್ನು ಕೇಳುತ್ತಿರಬೇಕು.

ಕೊನೆಯದಾಗಿ ಒಂದು ಮಾತು. ಭರತ-ಬಾಹುಬಲಿಯರ ಸೇನೆಗಳು ಎದುರುಬದುರಾದಾಗ, ಅನ್ಯರ ರಕ್ತವೇಕೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಒಂದು ಹನಿ ರಕ್ತವಿಲ್ಲದೆ ಗೆಲವು ನಿರ್ಣಯವಾಯಿತು. ಆದರೂ ಸೋತ ಭರತನ ಕೋಪ ಚಕ್ರರತ್ನವನ್ನೇ ಪ್ರಯೋಗಿಸಿತು. ಗುರಿ ನಿರ್ಜೀವವಾದ ಮಾತ್ರಕ್ಕೆ, ಸ್ಪರ್ಧೆ ರಕ್ತರಹಿತವಾದ ಮಾತ್ರಕ್ಕೆ ಕಷಾಯಗಳು ಶಾಂತವಾಗುವುದಿಲ್ಲ. ಮೊನ್ನೆಯ ಸ್ಪರ್ಧೆಯಲ್ಲಿ ನಮ್ಮ ಹುಡುಗನು ಹಿಂದೆ ಬಿದ್ದನು. ಮನೆಗೆ ಬಂದವನನ್ನು ನಾನು ಅಂಕ ಎಷ್ಟೆಂದು ಕೇಳಲಿಲ್ಲ. ಗೆದ್ದವನ ಕೈ ಕುಲುಕಿದೆಯಾ ಎಂದು ಕೇಳಿದೆನು. "ಕುಲುಕಿದೆ ಅಜ್ಜ, ಆದರೆ ಮನಸ್ಸಿನಲ್ಲಿ ಉರಿ ಇತ್ತು" ಎಂದನು. ಆ ಉರಿಯನ್ನು ಅವನು ಮರೆಮಾಚದೆ ಹೇಳಿದುದು ನನಗೆ ಪದಕಕ್ಕಿಂತ ಹೆಚ್ಚಾಗಿ ತೋರಿತು. ಮರುದಿನ ಬೆಳಿಗ್ಗೆ ಅವನು ಅಜ್ಜಿಯೊಡನೆ ಮಂದಿರಕ್ಕೆ ಹೋಗಿ ಬಂದನು.

ಸರ್ವ ಜೀವಿಗಳಿಗೂ ಅಭಯವಾಗಲಿ. ಜಯ ಜಿನೇಂದ್ರ.