ತಪ್ಪನ್ನು ಹೇಳಿಕೊಳ್ಳುವ ಧೈರ್ಯ

ನಮಗೆ ಪರಿಚಿತರಾದ ಕನ್ನಡ ಕುಟುಂಬವೊಂದರ ಹುಡುಗಿ ಈ ನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಒಂದು ರಾತ್ರಿ ಒಬ್ಬ ರೋಗಿಯ ಮಾತ್ರೆಯನ್ನು ಪಕ್ಕದ ಮಂಚದವರಿಗೆ ಕೊಟ್ಟುಬಿಟ್ಟಳು. ತಿಳಿದೊಡನೆ ತಾನೇ ಹೋಗಿ ಹೇಳಿದಳು. ರೋಗಿಗೇನೂ ಆಗಲಿಲ್ಲ, ಆಕೆಗೆ ಮಾತ್ರ ಎಲ್ಲರೆದುರು ಛೀಮಾರಿಯಾಯಿತು. "ಇನ್ನು ಮೇಲೆ ಹೇಳುವುದಿಲ್ಲ" ಎಂದು ಅವಳು ಅತ್ತಾಗ ನಮಗೆ ಭಯವೇ ಆಯಿತು. ಆ ಆಸ್ಪತ್ರೆ ಅಂದು ಅವಳಿಗೆ ಮುಚ್ಚಿಡುವ ಪಾಠವನ್ನು ಕಲಿಸಿತ್ತು.

ತಪ್ಪಿತಸ್ಥರನ್ನು ದಂಡಿಸುವುದು ನ್ಯಾಯವಲ್ಲವೇ ಎಂದು ಓದುಗರು ಕೇಳಬಹುದು. ಹಳೆಯ ಸಂಗತಿಯೊಂದನ್ನು ನೆನೆಯೋಣ. 1846ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ, ವೈದ್ಯರು ನೋಡಿಕೊಳ್ಳುತ್ತಿದ್ದ ಹೆರಿಗೆ ವಿಭಾಗದಲ್ಲಿ ನೂರಕ್ಕೆ 11 ತಾಯಂದಿರು ಸತ್ತರೆ, ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ನೂರಕ್ಕೆ ಮೂವರಿಗೂ ಕಡಿಮೆ. ಶವ ಕೊಯ್ದ ಕೈಗಳಿಂದಲೇ ವೈದ್ಯರು ಹೆರಿಗೆಗೆ ಬರುತ್ತಿದ್ದುದು ಇದಕ್ಕೆ ಕಾರಣವೆಂದು 1847ರಲ್ಲಿ ಡಾ. ಸೆಮ್ಮೆಲ್‌ವೈಸ್ ಕಂಡುಕೊಂಡರು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆಸಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ ಸುಮಾರು ಎರಡಕ್ಕೆ ಇಳಿಯಿತು. ತಮ್ಮ ಕೈಯಿಂದಲೂ ಸಾವುಗಳಾಗಿದ್ದವೆಂದು ಅವರು ಒಪ್ಪಿಕೊಂಡರು. ಆದರೆ ಅನೇಕ ಹಿರಿಯರಿಗೆ ಅದು ಅವಮಾನವೆನಿಸಿತು. ಮುಂದೆ ಅವರು ವಿರೋಧಿಗಳನ್ನು ಕೊಲೆಗಾರರೆಂದೇ ಬಹಿರಂಗ ಪತ್ರಗಳಲ್ಲಿ ಜರೆದರು. ಕಿವಿಗಳು ಇನ್ನಷ್ಟು ಮುಚ್ಚಿದವು. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡರು.

ಸತ್ಯವಿದ್ದರೆ ಸಾಲದು, ಅದನ್ನು ಕೇಳುವ ಮನಸ್ಸೂ ಬೇಕು. 2007-08ರಲ್ಲಿ ದೆಹಲಿಯೂ ಸೇರಿ ಜಗತ್ತಿನ ಎಂಟು ನಗರಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಪಟ್ಟಿಯೊಂದನ್ನು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಓದಿಸಲಾಯಿತು. ರೋಗಿ ಯಾರು, ಕೊಯ್ಯಬೇಕಾದ ಜಾಗ ಯಾವುದು ಎಂಬಂಥ ಸರಳ ಪ್ರಶ್ನೆಗಳವು. ನರ್ಸು ಕೇಳಿದರೂ ಹಿರಿಯ ಸರ್ಜನರು ಉತ್ತರಿಸಬೇಕು. ಸಾವುಗಳು ಸಾವಿರಕ್ಕೆ 15ರಿಂದ 8ಕ್ಕೆ ಇಳಿದವು.

ಬೇಕೆಂದೇ ಮಾಡಿದ ಅಲಕ್ಷ್ಯಕ್ಕೆ, ಮುಚ್ಚಿಟ್ಟ ತಪ್ಪಿಗೆ ಶಿಕ್ಷೆ ಇರಲಿ. ತಾನಾಗಿ ಬಂದು ಹೇಳಿದವರನ್ನು ಮಾತ್ರ ಕೂರಿಸಿಕೊಂಡು ವಿಚಾರಿಸಬೇಕು: ದೀಪ ಮಂದವಿತ್ತೇ? ಒಬ್ಬಳಿಗೆ ಎಷ್ಟು ಮಂಚಗಳ ಹೊಣೆಯಿತ್ತು? ಮಾತ್ರೆಗಳು ಒಂದೇ ಬಣ್ಣದವೇ? ಇದು ದಯೆಯ ಮಾತಷ್ಟೇ ಅಲ್ಲ. ನಾಳೆ ಆ ಮಂಚದಲ್ಲಿ ಮಲಗುವವರು ನಮ್ಮ ತಾಯಿಯೇ ಆಗಿರಬಹುದು.

"ಹೇಳುವುದನ್ನು ಬಿಡಬೇಡಮ್ಮ" ಎಂದು ನಾವು ಆ ಹುಡುಗಿಗೆ ಹೇಳಿ ಕಳಿಸಿದೆವು. ಆದರೆ ಅದರ ಬೆಲೆಯನ್ನು ಅವಳೊಬ್ಬಳೇ ತೆರಬೇಕಾಗಿರುವ ತನಕ ಹಾಗೆ ಬುದ್ಧಿ ಹೇಳಲು ನಮಗೆಷ್ಟು ಅಧಿಕಾರವಿದೆ? ನಮ್ಮಲ್ಲಿ ಆಸ್ಪತ್ರೆಗಳಲ್ಲಿ ಅಧಿಕಾರದಲ್ಲಿರುವವರೂ ಇದ್ದಾರೆ. ಈ ಪ್ರಶ್ನೆ ಮೊದಲು ಅವರದು.